ಎಂಟರ ಮನೆಯ ಕುಜ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
ಭಾನುವಾರ, 17 ಜುಲೈ 1988

ಪ್ರೀತಿಯ ವಾಮನಣ್ಣನಿಗೆ, ಮತ್ತು ಅವನ ಸುತ್ತ ಚಾಪೆ ಹಾಸಿ ಕೂತಿರುವ ಸಮಸ್ತ ಸಭಿಕರಿಗೆ!

ಬನ್ನಿ, ಕೂತ್ಕೊಳ್ಳಿ, ಹಿಂದಿನವರು ಮುಂದೆ ಬನ್ನಿ! ನನ್ನ ಕಾಗದ ಬಂದರೆ ಅಣ್ಣ ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುವುದು ಪದ್ಧತಿ. ಬೇಡವಾದ ಸಾಲು ನುಂಗಿಬಿಡುವುದೂ ಪದ್ಧತಿ. ಇವತ್ತು ಒಂದಕ್ಷರ ನುಂಗಿದರೆ ನನ್ನಾಣೆ. ಅಣ್ಣಾ, ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಾವಿಲ್ಲಿ ಜುಲೈ ಚಳಿಗೆ ಸ್ವೆಟರ್ ಹಾಕಿಕೊಂಡು, ಕೋಪಕ್ಕೆ ಬೆವರುತ್ತ, ಕ್ಷೇಮ.

ನನ್ನ ಮಗಳು ವಾರುಣಿಯೂ ಇಲ್ಲಿನ ಡಾಕ್ಟರ್ ನರಸಿಂಹನೂ ಒಬ್ಬರನ್ನೊಬ್ಬರು ಮೆಚ್ಚಿ ಒಪ್ಪಿದ್ದರು. ಅವನ ತಾಯಿ ದಾವಣಗೆರೆಯಲ್ಲಿ ಜಾತಕ ತೋರಿಸಲು ನಿನ್ನ ಬಳಿಗೇ ಬಂದರು. ನೀನು ಸ್ವಂತ ತಮ್ಮನ ಮಗಳು ಅಂತಲೂ ನೋಡದೆ ‘ಎಂಟರಲ್ಲಿ ಕುಜ, ಗಂಡನಿಗೆ ಆಯುಸ್ಸಿಲ್ಲ’ ಅಂದುಬಿಟ್ಟೆ. ಆಕೆ ಮದುವೆ ಬೇಡವೆಂದು ಟೆಲಿಗ್ರಾಂ ಹೊಡೆದರು. ಆಮೇಲೆ ನನಗೆ ನೀನು ಬರೆದ ಸಮಾಧಾನವೇನು? ‘ಚಿದೂ, ನೀನು ಶಾಲೆಯಲ್ಲಿ ಗ್ರೀಕರ ದುರಂತ ನಾಟಕ ಆಡಿಸುವವನು. ವಿಧಿಯ ಮುಂದೆ ಮನುಷ್ಯ ಹುಲ್ಲುಕಡ್ಡಿ ಅಂತ ಅವರೂ ಹೇಳಿದ್ದಾರಲ್ಲ!’

ಅಯ್ಯಾ ಪಂಡಿತೋತ್ತಮ! ಆ ನಾಟಕಗಳಲ್ಲಿ ದೇವವಾಣಿ ಆಡುವುದು ಒಂದೇ ಮಾತು. ಆಮೇಲೆ ದೇವರು ಗಪ್‌ಚುಪ್! ಆ ಮಾತಿಗೆ ಹೆದರಿ ಹೆತ್ತ ಕೂಸನ್ನು ದೂರ ಮಾಡುವವರು, ನಿಜವನ್ನು ಮುಚ್ಚಿಡುವವರು, ಸಿಟ್ಟಿನಲ್ಲಿ ಕತ್ತಿ ಎಳೆಯುವವರು ಎಲ್ಲ ಮನುಷ್ಯರೇ. ಕತ್ತಿ ಹಿಡಿದ ಕೈ ಯಾರದು ಹೇಳು, ವಿಧಿಯದೋ ರಾಜನದೋ? ನಮ್ಮಪ್ಪ ಕಂಪನಿ ನಾಟಕದಲ್ಲಿ ರಾಜಪಾರ್ಟು ಹಾಕಿ ‘ಹಾ ವಿಧಿಯೇ!’ ಎಂದು ಎದೆ ಬಡಿದುಕೊಂಡಾಗ ಪರದೆಯ ಹಿಂದೆ ನಾವಿಬ್ಬರೂ ಅಳುತ್ತಿದ್ದೆವು. ಅದಕ್ಕೂ ಮುಂಚಿನ ಅಂಕದಲ್ಲಿ ಅದೇ ರಾಜ ಮಾಡಿದ್ದೇನು ಅಂತ ನೀನು ಒಂದು ದಿನವಾದರೂ ಕೇಳಿದೆಯಾ? ಗ್ರೀಕರ ನಾಟಕದಲ್ಲಿ ಒಂದು ಮೇಳವೂ ಇರುತ್ತದೆ. ಪಕ್ಕಕ್ಕೆ ನಿಂತು ‘ಅಯ್ಯೋ ಪಾಪ’ ಅನ್ನುತ್ತದೆ, ಯಾರ ಕೈಯನ್ನೂ ಹಿಡಿದು ತಡೆಯುವುದಿಲ್ಲ. ಸಭಿಕರೇ, ಅದು ನೀವು!

ಇನ್ನೂ ಕೇಳು. ವಾರುಣಿ ಇಲ್ಲಿ ಹುಟ್ಟಿದ್ದು ಬೆಳಗಿನ ಆರಕ್ಕೆ, ಹೊರಗಿನ್ನೂ ಕತ್ತಲು. ಆ ಆರನ್ನು ನಿಮ್ಮ ಗಡಿಯಾರಕ್ಕೆ ತಿರುಗಿಸಿ ಎಂಟೂವರೆ ಮಾಡಿಕೊಂಡೆ, ಸರಿ. ಆದರೆ ಜನ್ಮಲಗ್ನ ಕಟ್ಟಿದ್ದು ದಾವಣಗೆರೆಯ ಸೂರ್ಯೋದಯಕ್ಕೆ! ಕತ್ತಲಲ್ಲಿ ಹುಟ್ಟಿದ ಕೂಸನ್ನು ಹೊತ್ತೇರಿದ ಮೇಲೆ ಹುಟ್ಟಿಸಿದೆಯಲ್ಲ ಅಣ್ಣಾ! ಇಲ್ಲಿನ ದೇವಸ್ಥಾನದ ಭಟ್ಟರು ನೈರೋಬಿಗೇ ಲೆಕ್ಕ ಹಾಕಿದರು. ಕುಜ ಎಂಟರ ಮನೆ ಖಾಲಿ ಮಾಡಿ ಒಂಬತ್ತಕ್ಕೆ ಹೋಗಿ ಕೂತ. ದೋಷವೇ ಇಲ್ಲ! ನಾನು ಗೆದ್ದ ಮಲ್ಲನ ಹಾಗೆ ತೊಡೆ ತಟ್ಟುತ್ತ ಮನೆಗೆ ಬಂದೆ. ವಾರುಣಿ ನಗಲಿಲ್ಲ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಈ ಸಲ ಕನ್ನಡದಲ್ಲೇ ಕೇಳಿದಳು: ‘ಎಂಟರಲ್ಲೇ ಇದ್ದಿದ್ರೆ ನೀನೇನು ಮಾಡ್ತಿದ್ದೆ, ಅಪ್ಪಾ?’ ತೊಡೆ ತಟ್ಟಿದ ಕೈಯಿಂದಲೇ ಆ ಹೊಸ ಜಾತಕವನ್ನು ಮಡಚಿ ಮೇಜಿನ ಖಾನೆಗೆ ಹಾಕಿದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೂ ನಮಸ್ಕಾರ, ಹಲ್ಲು ಕಚ್ಚಿಕೊಂಡು. ಹಿರಿಯನಾಗಿಬಿಟ್ಟೆಯಲ್ಲ, ಏನು ಮಾಡಲಿ.

ನಿನ್ನ ತಮ್ಮ,
ಚಿದಾನಂದ

ತಾ.ಕ.: ತಿದ್ದಿದ ಜಾತಕವನ್ನು ನರಸಿಂಹನ ತಾಯಿಗೆ ಕಳಿಸುತ್ತಿಲ್ಲ. ವಾರುಣಿ ಬೇಡವೆಂದಳು. ‘ಕುಜ ಎಲ್ಲಿ ಬೇಕಾದರೂ ಇರಲಿ ಬಿಡಿ ಮಾವ, ನಾನಂತೂ ಇಲ್ಲಿದ್ದೀನಿ’ ಅಂದ ನರಸಿಂಹ. ಆಷಾಢ ಅಂತ ನೀನು ಅಲ್ಲಿ ಹಾರಾಡಿ ಪ್ರಯೋಜನವಿಲ್ಲ, ಈ ಕಾಗದ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾಳೆ ಸೋಮವಾರ ಬೆಳಿಗ್ಗೆ ಎಂಟಕ್ಕೆ, ತುಂಬು ರಾಹುಕಾಲದಲ್ಲಿ, ನಾನೇ ಕಾರು ಓಡಿಸಿಕೊಂಡು ಇಬ್ಬರನ್ನೂ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಸಾಕ್ಷಿಯಾಗಿ ಸಹಿ ಹಾಕುತ್ತೇನೆ.