ರಬ್ಬರು ಹಿಡಿದ ಬಡಗಿಗೆ

ರೀ,

ಹಸು ಈಯುವ ಹಾಗಿದೆ ಎಂದು ಅಕ್ಕ ಹೇಳಿಕಳಿಸಿದ್ದಾಳೆ, ಹೊರಟಿದ್ದೇನೆ. ಎಬ್ಬಿಸಿ ಹೇಳೋಣವೆಂದರೆ ನಿಮ್ಮ ಮುಖ ನೋಡಿದರೆ ಮೈ ಉರಿಯುತ್ತದೆ.

ಹಾಲು ಕಾಯಿಸಿಟ್ಟಿದ್ದೇನೆ. ಕೋಳಿಗಳನ್ನು ಬಿಡಿ.

ನಿನ್ನೆ ನೀವು ಕೈಗೆತ್ತಿಕೊಂಡ ಆ ಕಾದಂಬರಿ ಮಗಳ ಸ್ವಂತ ಪುಸ್ತಕ, ಅವಳ ವಯಸ್ಸಿನವರ ಒಂಟಿತನದ ಕತೆ. ಅವಳು ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರೆ ನಿಮ್ಮ ಗಂಟೇನು ಹೋಗುತ್ತಿತ್ತು? ಕೆಲಸ ಮುಗಿದ ಮೇಲೆ ಮರದ ಮೇಲಿನ ಗುರುತು ಅಳಿಸುವುದು ನಿಮ್ಮ ಕಸುಬು, ಒಪ್ಪಿದೆ. ಅವಳ ಪುಸ್ತಕವೇನು ನೀವು ಮಾಡಿದ ಮೇಜೇ? ಮೊದಲ ಹಾಳೆಯಿಂದ ಕೊನೆಯವರೆಗೆ ರಬ್ಬರು ತಿಕ್ಕಿ, "ನೋಡೇ, ಹೊಸದರ ಹಾಗೆ ಮಾಡಿಟ್ಟಿದ್ದೀನಿ" ಎಂದು ಬೇರೆ ಬೀಗಿದಿರಿ. ಅವಳು ಅತ್ತರೆ, "ಮನೆ ತುಂಬ ಜನ ಇದ್ದಾರೆ, ಇವಳಿಗೆಂಥಾ ಒಂಟಿತನ!" ಎಂದು ನಕ್ಕಿರಿ. ನಿನ್ನೆಯಿಂದ ಅವಳು ತುತ್ತು ಮುಟ್ಟಿಲ್ಲ.

ಶಾಲೆಯಲ್ಲಿ ಗೆಳತಿಯರು ದೂರ ಮಾಡಿದ್ದನ್ನು ಅವಳು ನನಗೆ ಬಾಯಿಬಿಟ್ಟು ಹೇಳಲಿಲ್ಲ. ಪುಸ್ತಕವನ್ನು ನನ್ನ ದಿಂಬಿನ ಪಕ್ಕ ಇಡುತ್ತಿದ್ದಳು. 'ನಾನು ಎದ್ದು ಹೋದದ್ದು ಆ ಬೆಂಚಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ' ಎಂಬ ಸಾಲಿಗೆ ಎರಡು ಗೆರೆ ಎಳೆದಿದ್ದಳು. ನನಗೆ ತಿಳಿದದ್ದು ಹಾಗೆ.

ಇವತ್ತು ಉಳಿ ಮುಟ್ಟಬೇಡಿ. ಪುಸ್ತಕ ಕಿಟಕಿಯ ಮೇಲಿದೆ. ಅವಳು ಒತ್ತಿ ಎಳೆದಿದ್ದಾಳೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆ ಬಿದ್ದ ಜಾಗ ತಗ್ಗಾಗಿ ಕಾಣುತ್ತದೆ. ಒಂದೊಂದನ್ನೂ ಓದಿ. ಓದದೆ ಅವಳ ಬಾಗಿಲು ತಟ್ಟಬೇಡಿ. ತಟ್ಟಿದ ಮೇಲೆ ಬುದ್ಧಿ ಹೇಳಬೇಡಿ, ನಗಿಸಲೂ ಹೋಗಬೇಡಿ. ತಪ್ಪಾಯಿತು ಮಗಳೇ ಎಂದು ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಮಾತಾಡದಿದ್ದರೂ ಏಳಬೇಡಿ.