ಇಪ್ಪತ್ತಾರು ದಿನದ ಮೇಜುಹಾಸು

ಮಂಗಳವಾರ, ಮಧ್ಯಾಹ್ನ

ನನ್ನ ಮೊಂಡಿ ತಂಗಿಗೆ,

ಅಕ್ಕನ ಅಕ್ಷರ ಕಂಡು, ಒಡೆಯದೆ ಎತ್ತಿಟ್ಟುಬಿಡಬೇಡ. ಮೂರು ವರ್ಷದಿಂದ ಫೋನಿನಲ್ಲಿ ಮಕ್ಕಳ ಶೀತ, ಅಮ್ಮನ ಮಂಡಿನೋವು ಬಿಟ್ಟು ನಾವು ಬೇರೇನೂ ಮಾತಾಡಿಲ್ಲ.

ನಿನ್ನೆ ಕಸೂತಿ ಹಾಕುವ ನಾವು ಐದು ಜನ ಹೆಂಗಸರು ಅಂಗಡಿಯ ಯಜಮಾನರ ಮುಂದೆ ಹೋಗಿ ನಿಂತೆವು. ಒಂದೊಂದು ಬಟ್ಟೆಗೆ ಇಷ್ಟು ಎನ್ನುವುದು ಬೇಡ, ಕೂತು ದುಡಿದ ಗಂಟೆಗೆ ತಕ್ಕ ಕೂಲಿ ಕೊಡಿ ಎಂದು ಕೇಳಿದೆವು. ಮಾತು ತೆಗೆದವಳು ನಾನೇ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನಿಮ್ಮ ತಂಗಿ ಕೇಳಿದ್ದೂ ಇದನ್ನೇ ಅಲ್ವೇನಮ್ಮ? ಆವಾಗ ಅವಳ ಬಾಯಿ ಮುಚ್ಚಿಸಿದ್ದು ನೀವೇ" ಎಂದರು. ಉಳಿದ ನಾಲ್ವರೂ ನನ್ನ ಮುಖ ನೋಡಿದರು.

ಆ ದಿನ ನೀನು ಬಿಳಿ ಮೇಜುಹಾಸನ್ನು ಅವರ ಮುಂದೆ ಹರಡಿ, ಇಪ್ಪತ್ತಾರು ದಿನ ಕೂತಿದ್ದೇನೆ, ಹಿಂಬದಿಯಲ್ಲೂ ಒಂದು ಗಂಟು ಸಿಕ್ಕುವುದಿಲ್ಲ ಎಂದು ತಿರುಗಿಸಿ ತೋರಿಸಿದ್ದೆ. ಅವರು ಹಳೆಯ ದರವನ್ನೇ ಹೇಳಿದಾಗ, ಹಾಗಾದರೆ ಕೊಡುವುದಿಲ್ಲ ಎಂದು ಮಡಚತೊಡಗಿದೆ. ನಾನು ನಡುವೆ ಬಾಯಿ ಹಾಕಿದೆ. "ಚಿಕ್ಕವಳು, ತಿಳಿಯಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ನಿನ್ನ ಕೈಯಿಂದ ಕಿತ್ತು ಅವರಿಗೆ ಒಪ್ಪಿಸಿದೆ. ಮೂವತ್ತೊಂದು ವರ್ಷದವಳನ್ನು ಚಿಕ್ಕವಳು ಎಂದೆ. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ನೀನು ಮುಂದೆ ಹೋಗಿ ನಿಂತುಕೊಂಡೇ ಬಂದೆ.

ಇಬ್ಬರ ಕೆಲಸವೂ ಹೋದೀತೆಂಬ ಭಯದಿಂದ ಹಾಗೆ ಮಾಡಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ನೀನು ಕಾರ್ಖಾನೆಯಲ್ಲಿ ದಿನವಿಡೀ ಅಂಗಿಯ ಕಾಲರ್ ಹೊಲಿಯುತ್ತೀ. ಮಗಳು ಫ್ರಾಕಿಗೊಂದು ಹೂವು ಹಾಕಿಕೊಡು ಎಂದರೆ, ಅದೆಲ್ಲ ಮರೆತುಹೋಯಿತು ಎಂದೆಯಂತೆ. ಅಮ್ಮ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಯಜಮಾನರು ನಿನ್ನೆ ಒಪ್ಪಿದರು. ಕೇಳಿದಷ್ಟಲ್ಲ, ಮುಕ್ಕಾಲು. ಐವರೂ ಒಟ್ಟಿಗೆ ಕೈಬಿಟ್ಟರೆ ಅಂಗಡಿ ನಡೆಯುವುದಿಲ್ಲವೆಂದು ಅವರಿಗೂ ಗೊತ್ತು. ಹೊರಗೆ ಬಂದ ಮೇಲೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿ ಮುಖ ಮರೆಸಿಕೊಂಡೆ. ಮಾತೆಲ್ಲ ನಿನ್ನದು, ಶಾಬಾಸ್ ನನಗೆ.

ವಾಪಸ್ ಬಾ ಎನ್ನುವ ಮುಖ ನನಗಿಲ್ಲ. ಬಂದರೆ, ನಾವು ಕಸೂತಿಗೆ ಕೂರುವಲ್ಲಿ ಕಿಟಕಿಯ ಪಕ್ಕದ ಜಾಗ ನಿನ್ನದೇ.

ತಪ್ಪೊಪ್ಪಿಕೊಳ್ಳುತ್ತಾ,
ನಿನ್ನ ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಆ ಜಗಳವಾದ ಮರುವಾರ ಯಜಮಾನರು ನನ್ನನ್ನು ಕರೆಸಿ, ಅಂಥ ಕೈ ಇನ್ನೊಂದಿಲ್ಲ, ಅವಳು ಕೇಳಿದ ದರ ಅವಳೊಬ್ಬಳಿಗೆ ಕೊಡುತ್ತೇನೆ, ಕರೆದುಕೊಂಡು ಬನ್ನಿ ಎಂದಿದ್ದರು. ಬೇರೆ ಕಡೆ ಕೆಲಸ ಸಿಕ್ಕಿದೆ, ಬರುವುದಿಲ್ಲ ಎಂದುಬಿಟ್ಟೆ. ಆಗಿನ್ನೂ ನೀನು ಕಾರ್ಖಾನೆಯ ಬಾಗಿಲನ್ನೂ ನೋಡಿರಲಿಲ್ಲ. ನಿನಗೆ ಸೂಜಿ ಹಿಡಿಯಲು ಕಲಿಸಿದವಳು ನಾನು, ನನಗಿಂತ ನಿನಗೆ ಹೆಚ್ಚು ಕೊಡುವುದನ್ನು ನನಗೆ ನೋಡಲಾಗಲಿಲ್ಲ.