ಜಾಗ ತೋರಿಸದ ತಪ್ಪೊಪ್ಪಿಗೆ

ಅಂತರರಾಷ್ಟ್ರೀಯ ಅಪರಾಧ ನ್ಯಾಯಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ನಮ್ಮ ಬಸ್ ಡಿಪೋದ ಹನ್ನೊಂದು ಮಂದಿ ಚಾಲಕರನ್ನು ಕರೆದೊಯ್ದು ಕೊಂದ ಸೇನಾಧಿಕಾರಿಯನ್ನು ಅವಧಿಗೆ ಮುನ್ನವೇ ಬಿಡುಗಡೆ ಮಾಡಬೇಕೆಂಬ ಅರ್ಜಿ ನಿಮ್ಮ ಮೇಜಿನ ಮೇಲಿದೆಯೆಂದು ಪತ್ರಿಕೆಯಲ್ಲಿ ಓದಿದೆ. ‘ಕೊಂದ’ ಎನ್ನಬಾರದಿತ್ತೇನೋ, ಕ್ಷಮಿಸಿ. ನಿಮ್ಮ ಕಡತದ ಪ್ರಕಾರ ಆತ ಜನರನ್ನು ಬಲವಂತವಾಗಿ ಊರು ಬಿಡಿಸಿದವನು, ಅಷ್ಟೆ. ವಿಚಾರಣೆ ಬೇಗ ಮುಗಿಯಲೆಂದು ನಿಮ್ಮ ಅಭಿಯೋಜಕರು ಚಾಲಕರ ಕೊಲೆಯ ಆರೋಪವನ್ನು ಕೈಬಿಟ್ಟರು, ಬದಲಿಗೆ ಆತ ಉಳಿದದ್ದನ್ನು ಒಪ್ಪಿಕೊಂಡ. ಹಳೇ ಬೈಕು ಮಾರುವಾಗಲೂ ಅದರ ಒಡೆಯನನ್ನು ಒಂದು ಮಾತು ಕೇಳುತ್ತಾರೆ. ಈ ಚೌಕಾಶಿಯಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ.

ಆ ಹನ್ನೊಂದು ಜನರಲ್ಲಿ ನನ್ನ ಅಣ್ಣ ಒಬ್ಬ. ಬೀದಿಬೀದಿಗಳನ್ನೇ ಖಾಲಿ ಮಾಡಿಸಲು ಸೈನಿಕರಿಗೆ ಬಸ್ಸು ಬೇಕಿತ್ತು, ಓಡಿಸುವವರೂ ಬೇಕಿತ್ತು. ಮೆಕ್ಯಾನಿಕ್ ಆದ ನಾನು ವರ್ಕ್‌ಶಾಪಿನ ಗುಂಡಿಯಲ್ಲಿ ನಿಂತು ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆ. ಅಣ್ಣ ಬಗ್ಗಿ ನೋಡಿ, “ಎರಡು ಟ್ರಿಪ್ ಅಂತೆ ಕಣೋ, ಬಂದ್ಬಿಡ್ತೀನಿ. ನಿಮ್ಮ ಅತ್ತಿಗೆಗೆ ಹೇಳ್ಬಿಡು” ಎಂದ. ಬಸ್ಸುಗಳೇನೋ ವಾಪಸ್ಸು ಬಂದವು, ಓಡಿಸಿಕೊಂಡು ಬಂದವರು ಸೈನಿಕರು. ಜನರನ್ನು ಎಲ್ಲಿಗೆ ಸಾಗಿಸಿದರೆಂದು ಕಣ್ಣಾರೆ ಕಂಡ ಚಾಲಕರನ್ನು ಉಳಿಸಿದರೆ ಸೈನಿಕರಿಗೇ ಅಪಾಯವಿತ್ತು.

ನಮ್ಮ ಡಿಪೋದಲ್ಲಿ ಒಂದು ಪದ್ಧತಿಯಿದೆ, ಸ್ವಾಮಿ. ಬಸ್ಸನ್ನು ಎಲ್ಲೋ ಗುದ್ದಿ ಬಂದ ಚಾಲಕ “ನನ್ನದೇ ತಪ್ಪು” ಎಂದರೆ ಸಾಲದು. ಮೇಲ್ವಿಚಾರಕರನ್ನು ಕರೆದುಕೊಂಡು ಹೋಗಿ, ಗುದ್ದಿದ ಕಡೆ ನಿಂತು, “ಇಲ್ಲೇ ಸಾರ್” ಎಂದು ತೋರಿಸಬೇಕು. ಅಲ್ಲಿಯವರೆಗೆ ಅದು ತಪ್ಪೊಪ್ಪಿಗೆಯೇ ಅಲ್ಲ. ಕ್ವಾರ್ಟರ್ಸಿನ ಮಕ್ಕಳಿಗೂ ಇದು ಗೊತ್ತು. ಹಾಗಾಗಿ ಆತ ತಪ್ಪೊಪ್ಪಿಕೊಂಡ ಸುದ್ದಿ ಬಂದು, ನಿಮ್ಮ ಕಚೇರಿಯವರು ನಮ್ಮ ಮನೆಗೆ ಬರುತ್ತಾರೆಂದು ಫೋನೂ ಬಂದಾಗ ಅತ್ತಿಗೆಗೆ ಅನುಮಾನವೇ ಇರಲಿಲ್ಲ. ಹೂತ ಜಾಗ ತೋರಿಸಲು ಕರೆದೊಯ್ಯುತ್ತಾರೆಂದುಕೊಂಡು ಬೂಟು ಹಾಕಿ, ಅಣ್ಣನ ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಚೀಲದಲ್ಲಿಟ್ಟು, ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ನಾನೂ ರಜೆ ಹಾಕಿ ಸನಿಕೆ ಹಿಡಿದು ನಿಂತಿದ್ದೆ. ನೀವು ನಗಬಹುದು.

ಬಂದ ಹೆಣ್ಣುಮಗಳು ಪಾಪ, ಮರ್ಯಾದಸ್ಥೆ. “ಅಮ್ಮಾ, ಇದು ಐತಿಹಾಸಿಕ ತೀರ್ಪು” ಎಂದರು.

“ಆಗ್ಲಮ್ಮ. ಎಲ್ಲಿ ಹೂತಿದಾನಂತೆ?” ಅತ್ತಿಗೆ ಕೇಳಿದರು.

“ಅದನ್ನ ಕೇಳಿಲ್ಲ ಅಮ್ಮ. ಆ ಆರೋಪಾನೇ ಬಿಟ್ಟಿದ್ರಿಂದ ಕೇಳೋ ಹಾಗಿರ್ಲಿಲ್ಲ.”

“ಮತ್ತೆ ಅವನು ಒಪ್ಕೊಂಡಿದ್ದೇನು?”

ಅತ್ತಿಗೆ ಕೂತಲ್ಲೇ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಆಜ್ಞೆ ಕೊಟ್ಟವನೂ ಹೊಣೆ, ತಿಳಿದೂ ತಡೆಯದವನೂ ಹೊಣೆ ಎಂಬುದು ನಿಮ್ಮ ಕಾನೂನಿನ ಹೆಮ್ಮೆಯ ತತ್ವವಂತೆ. ಇಂಥ ಅಪರಾಧಗಳು ಇಡೀ ಮನುಕುಲದ ವಿರುದ್ಧವಂತೆ. ಮನುಕುಲ ದೊಡ್ಡದು, ಒಪ್ಪಿದೆ. ಅದರಲ್ಲಿ ನಮ್ಮ ಅತ್ತಿಗೆಗೆ ಕೂರಲು ಒಂದು ಮೂಲೆಯೂ ಸಿಗಲಿಲ್ಲವೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು ನಮ್ಮ ಪಾಡು. ಈಗ ಆತನ ನಡತೆ ಚಿನ್ನದಂಥದ್ದಂತೆ, ಜೈಲಿನಲ್ಲಿ ತೋಟಗಾರಿಕೆ ಕಲಿತಿದ್ದಾನಂತೆ, ಪಶ್ಚಾತ್ತಾಪವೂ ಪಟ್ಟಿದ್ದಾನಂತೆ. ಪಶ್ಚಾತ್ತಾಪಕ್ಕೆ ಬಾಯಿಲ್ಲವೇ? ಹನ್ನೊಂದು ಮನೆಯವರಿಗೆ ಒಂದು ಜಾಗ ಹೇಳಲು ಅದಕ್ಕೆ ಇನ್ನೂ ಎಷ್ಟು ವರ್ಷ ಬೇಕು? ಜೊತೆಗೆ ಆತನಿಗೆ ಹೃದಯದ ಕಾಯಿಲೆ ಬೇರೆ ಇದೆಯಂತೆ.

ನನ್ನನ್ನು ಕೇಳಿದರೆ ಅವನು ಅಲ್ಲೇ ಕೊಳೆಯಲಿ. ಹೊಟ್ಟೆ ಉರಿಯುತ್ತದೆ, ಮುಚ್ಚಿಡಲಾರೆ. ಹಾಗೆಂದೇ ಬರೆಯಲು ಕೂತಿದ್ದೆ. ಅತ್ತಿಗೆ ಬಿಡಲಿಲ್ಲ. “ಬಿಡುಗಡೆ ಮಾಡ್ಬೇಡಿ ಅಂತ ಬರೀಬೇಡ ಕಣಪ್ಪ. ಹಟಕ್ಕೆ ಬಿದ್ದು ಅವನು ಅಲ್ಲೇ ಸತ್ತೋದ್ರೆ ಆಮೇಲೆ ಯಾರನ್ನ ಕೇಳೋಣ? ಬೇಕಾದ್ರೆ ಮನೆಗೇ ಕಳಿಸ್ಲಿ. ಹೇಳಿ ಹೋಗ್ಲಿ.”

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಸಹಿ ಹಾಕುವ ಮುನ್ನ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿ: ಆ ಚಾಲಕರನ್ನು ಎಲ್ಲಿ ಹೂತೆ? ಹೇಳದಿದ್ದರೆ ಬಿಡಬೇಡಿ. ಹೇಳಿದರೆ ಬಿಟ್ಟುಬಿಡಿ. ಅವನು ತನ್ನ ಮನೆಯಲ್ಲಿ ಕೂತು ಊಟ ಮಾಡುವುದನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ.

ಇಂತಿ,
ಆರೋಪ ಬಿದ್ದುಹೋದ ಕಾರಣ ನಿಮ್ಮ ಕಾನೂನಿಗೆ ಈಗ ಏನೂ ಆಗಬೇಕಿಲ್ಲದ,
ಒಬ್ಬ ಚಾಲಕನ ತಮ್ಮ